ಆನೆಗೆ ಜ್ವರ ಅಂದರೆ ಏನು ಹೇಳುತ್ತೀರಿ?

ಹೋದ ಸಂಚಿಕೆಯಲ್ಲಿ ಇಂಪ್ರಾವ್ ಬಗ್ಗೆ ಎರಡು ಸಾಲು ಬರೆದಿದ್ದೆ, ಅಷ್ಟೇ. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಅದರ ಬಗ್ಗೆಯೇ ಇವೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಬರೆದಿಟ್ಟ ಮಾತಿಲ್ಲ, ರಿಹರ್ಸಲ್ ಇಲ್ಲ, ವೇದಿಕೆಗೆ ಹೋದ ಮೇಲೆ ಅಲ್ಲೇ ಹುಟ್ಟಿಸಿಕೊಂಡು ಆಡುವ ಹಾಸ್ಯ ನಾಟಕಕ್ಕೆ ಇಂಪ್ರಾವ್ ಅನ್ನುತ್ತಾರೆ. ಒಬ್ಬರು 'ಇಂಪ್ರೂವ್ ಕಾಮಿಡಿ' ಅಂತ ಬರೆದಿದ್ದಾರೆ. ಇರಲಿ ಬಿಡಿ, ನನ್ನ ಕಾಮಿಡಿ ಇಂಪ್ರೂವ್ ಆಗಬೇಕಿರುವುದು ನಿಜ. ನಾನು 22 ವರ್ಷ ಸ್ಟೋರ್ಸ್ ವಿಭಾಗದಲ್ಲಿ ಬೋಲ್ಟು ನಟ್ಟುಗಳ ಲೆಕ್ಕ ಬರೆದವನು. ಅದರಲ್ಲಿ ಕೊನೆಯ 11 ವರ್ಷ ವಾರಕ್ಕೊಂದು ಸಂಜೆ ಇಂಪ್ರಾವ್ ಆಡಿದೆ. ಈಗ ಬೇರೆಯವರಿಗೆ ಆಡಿಸುತ್ತೇನೆ.

ನಾನು ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಕೆಲಸ ಚೆನ್ನಾಗಿ ಗೊತ್ತು. ಆದರೆ ಮೀಟಿಂಗ್‌ನಲ್ಲಿ ಮ್ಯಾನೇಜರ್ ಇದ್ದಕ್ಕಿದ್ದಂತೆ "ನೀವೇನಂತೀರಿ?" ಅಂದರೆ ತಲೆ ಪೂರ್ತಿ ಖಾಲಿಯಾಗುತ್ತದೆ. ಸೀಟಿಗೆ ಬಂದು ಐದು ನಿಮಿಷಕ್ಕೆ ಒಳ್ಳೆಯ ಉತ್ತರ ಹೊಳೆಯುತ್ತದೆ. ಗೆಳತಿಯೊಬ್ಬಳು ಇಂಪ್ರಾವ್ ಕ್ಲಾಸಿಗೆ ಸೇರು ಅಂತಾಳೆ. ನನಗೆ ತಮಾಷೆ ಮಾಡುವುದಕ್ಕೆ ಬರುವುದಿಲ್ಲ. ಜೋಕ್ ಮುಗಿಯುವ ಮುಂಚೆ ನಾನೇ ನಕ್ಕುಬಿಡುತ್ತೇನೆ. ಸೇರಬಹುದಾ?
– ಮೀಟಿಂಗ್ ಮೂಕಿ

ಸೇರಿ. ತಮಾಷೆ ಬರದಿರುವುದು ಒಳ್ಳೆಯದೇ ಆಯಿತು. ನಗಿಸಲೇಬೇಕು ಅಂತ ಬರುವವರನ್ನು ಸರಿಮಾಡುವುದಕ್ಕೆ ಆರು ತಿಂಗಳು ಬೇಕು.

ನನ್ನ ಮೊದಲ ದಿನದ ಕಥೆ ಕೇಳಿ. ಸಹೋದ್ಯೋಗಿಯೊಬ್ಬರು ಎಳೆದುಕೊಂಡು ಹೋಗಿದ್ದರು. ಹತ್ತು ನಿಮಿಷ ಆಗಿರಲಿಲ್ಲ, ನನ್ನನ್ನು ಎದ್ದು ನಿಲ್ಲಿಸಿದರು. ಎದುರಿಗಿದ್ದ ಹುಡುಗಿ ಓಡಿಬಂದು, "ಡಾಕ್ಟ್ರೇ, ನಮ್ಮ ಆನೆಗೆ ಜ್ವರ!" ಅಂದಳು. ನಾನು, "ನಾನು ಡಾಕ್ಟರ್ ಅಲ್ಲಮ್ಮ. ಆನೆ ಎಲ್ಲಿದೆ ಇಲ್ಲಿ?" ಅಂದೆ. ಸ್ಟೋರ್ಸ್‌ನವನಲ್ಲವಾ, ಇಲ್ಲದ ಮಾಲನ್ನು ಇದೆ ಅಂತ ಹೇಗೆ ಬರೆಯಲಿ? ಒಂದಿಬ್ಬರು ನಕ್ಕರು. ನಾನು ಗೆದ್ದೆ ಅಂದುಕೊಂಡೆ. ಆ ಹುಡುಗಿ ಮಾತ್ರ ಮುಂದೆ ಏನು ಹೇಳಬೇಕೋ ತೋಚದೆ ನಿಂತುಬಿಟ್ಟಳು. ಅವಳ ಮುಖ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ರಾತ್ರಿ ಮಲಗಿದಾಗ ನೆನಪಾಯಿತು. ಪರ್ಚೇಸ್ ಮೀಟಿಂಗ್‌ನಲ್ಲಿ ನಾನು ಮಾತು ಮುಗಿಸಿದ ಮೇಲೆ ನಮ್ಮ ಜೂನಿಯರ್‌ಗಳ ಮುಖ ಹಾಗೇ ಇರುತ್ತಿತ್ತು.

ಈಗ ನಿಮ್ಮ ಖಾಲಿ ತಲೆಯ ವಿಷಯ. ಈ ಆಟಗಳ ಬೇರು ವಿಯೋಲಾ ಸ್ಪೋಲಿನ್ ಎಂಬ ಅಮೆರಿಕದ ಮಹಿಳೆಯ ಹತ್ತಿರ ಹೋಗುತ್ತದೆ. 1930ರ ದಶಕದ ಕೊನೆಯಲ್ಲಿ ಅವರು ಷಿಕಾಗೋದಲ್ಲಿ ಸರ್ಕಾರದ ಒಂದು ಯೋಜನೆಯಡಿ ನಾಟಕ ಕಲಿಸುತ್ತಿದ್ದರು. ಕಲಿಯಲು ಬರುತ್ತಿದ್ದವರಲ್ಲಿ ಮಕ್ಕಳೂ ಇದ್ದರು, ಬೇರೆ ದೇಶಗಳಿಂದ ಬಂದು ನೆಲೆಸಿದವರೂ ಇದ್ದರು. ಉಪನ್ಯಾಸ ಮಾಡಿದರೆ ಇವರ ತಲೆಗೆ ಹೋಗುವುದಿಲ್ಲ ಅಂತ ಆಟಗಳನ್ನು ಕಟ್ಟಿದರು. ಮುಂದೆ ಅವರ ಮಗ ಪಾಲ್ ಸಿಲ್ಸ್ ಮತ್ತು ಜೊತೆಗಾರರು 1959ರಲ್ಲಿ ಅದೇ ಊರಿನಲ್ಲಿ 'ಸೆಕೆಂಡ್ ಸಿಟಿ' ಎಂಬ ಹಾಸ್ಯ ರಂಗಮಂದಿರ ಶುರು ಮಾಡಿದರು. ಆಟ ಮೊದಲು, ಹಾಸ್ಯ ಆಮೇಲೆ. ಆದ್ದರಿಂದ ಧೈರ್ಯವಾಗಿ ಹೋಗಿ.

ಸ್ಪೋಲಿನ್ ಅವರ ಒಂದು ಆಟವನ್ನು ನಾನು ಪ್ರತಿ ಹೊಸ ಗುಂಪಿಗೂ ಆಡಿಸುತ್ತೇನೆ. ಅರ್ಧ ಜನ ಮುಂದೆ ಸಾಲಾಗಿ ನಿಲ್ಲಬೇಕು. ಉಳಿದ ಅರ್ಧ ಜನ ಕೂತು ಅವರನ್ನು ನೋಡಬೇಕು. ಬೇರೇನೂ ಮಾಡುವ ಹಾಗಿಲ್ಲ. ಒಂದು ನಿಮಿಷದೊಳಗೆ ನಿಂತವರಲ್ಲಿ ಒಬ್ಬರು ಕಾಲು ಬದಲಿಸುತ್ತಾರೆ, ಒಬ್ಬರು ಸುಮ್ನೆ ನಗುತ್ತಾರೆ, ಒಬ್ಬರಿಗೆ ಮೂಗು ತುರಿಸುತ್ತದೆ. ಆಗ ನಾನು, "ಈ ಕೋಣೆಯಲ್ಲಿ ಎಷ್ಟು ಕುರ್ಚಿ ಇವೆ, ಎಣಿಸಿ" ಅನ್ನುತ್ತೇನೆ. ಎಣಿಸಲು ಶುರು ಮಾಡಿದ ಕೂಡಲೇ ಭುಜ ಕೆಳಗಿಳಿಯುತ್ತದೆ. ಉಸಿರು ಸರಿಯಾಗುತ್ತದೆ. ನೋಡುವವರು ಅವರೇ, ನಿಂತ ಜಾಗವೂ ಅದೇ. ಕಣ್ಣಿಗೊಂದು ಕೆಲಸ ಸಿಕ್ಕಿತು, ಅಷ್ಟೇ ವ್ಯತ್ಯಾಸ.

ಮೀಟಿಂಗ್‌ನಲ್ಲಿ ನಿಮ್ಮನ್ನು ಕೇಳಿದ ಕ್ಷಣ ನೀವು ನಿಮ್ಮನ್ನೇ ನೋಡಿಕೊಳ್ಳುತ್ತೀರಿ. ಮುಖ ಕೆಂಪಾಯಿತಾ, ದನಿ ನಡುಗಿತಾ, ದಡ್ಡಿ ಅಂದುಕೊಂಡರಾ ಅಂತ. ಹಾಗಾಗಿ ಮೀಟಿಂಗ್ ಶುರುವಾಗುವ ಮುಂಚೆಯೇ ನಿಮಗೆ ನೀವೇ ಒಂದು ಕೆಲಸ ಕೊಟ್ಟುಕೊಳ್ಳಿ. ಕೆಲಸ ಇದು: ಯಾರೇ ಮಾತಾಡಲಿ, ಅವರ ಮಾತಿನ ಕೊನೆಯ ಪದ ಹಿಡಿಯಬೇಕು.

ಇದೂ ಒಂದು ಆಟವೇ. ಜೋಡಿಯಾಗಿ ಆಡಬೇಕು. ಎದುರಿನವರ ಕೊನೆಯ ಪದದಿಂದ ನಿಮ್ಮ ಮಾತು ಶುರುವಾಗಬೇಕು. ಅವರು, "ನಿನ್ನೆ ರಾತ್ರಿ ನಮ್ಮ ಮನೆ ಬಾಗಿಲು ತಾನಾಗೇ ತೆರೆಯಿತು" ಅಂದರೆ ನೀವು, "ತೆರೆಯಿತು ಅಂದ್ರೆ ಬೀಗ ಹಾಕಿರಲಿಲ್ಲ ಅಂತಾಯ್ತು" ಅನ್ನಬೇಕು. ಕನ್ನಡದಲ್ಲಿ ಈ ಆಟಕ್ಕೆ ಒಂದು ವಿಶೇಷ ರುಚಿ ಇದೆ. ನಮ್ಮ ಮಾತಿನ ಗುಟ್ಟೆಲ್ಲ ಕೊನೆಯಲ್ಲೇ ಇರುತ್ತದೆ. "ಈ ತಿಂಗಳ ಲೆಕ್ಕ ಶುಕ್ರವಾರದೊಳಗೆ..." ಅನ್ನುವಷ್ಟರಲ್ಲಿ ನೀವು ಮನಸ್ಸಿನಲ್ಲಿ ಉತ್ತರ ಕಟ್ಟಲು ಶುರು ಮಾಡಿದರೆ ಕೆಟ್ಟಿತು. ಅವರು 'ಬೇಕು' ಅಂತಾರೋ 'ಬೇಡ' ಅಂತಾರೋ ಇನ್ನೂ ಗೊತ್ತಿಲ್ಲವಲ್ಲ!

ಮೀಟಿಂಗ್‌ನಲ್ಲಿ ಕೊನೆಯ ಪದವನ್ನು ಬಾಯಲ್ಲಿ ಹೇಳಬೇಡಿ, ವಿಚಿತ್ರವಾಗಿ ಕೇಳಿಸುತ್ತದೆ. ಮನಸ್ಸಿನಲ್ಲಿ ಹೇಳಿಕೊಳ್ಳಿ. ಆಮೇಲೆ "ನೀವೇನಂತೀರಿ?" ಅಂದರೆ ಕೊನೆಗೆ ಕೇಳಿದ್ದನ್ನೇ ಮೊದಲ ಮೆಟ್ಟಿಲು ಮಾಡಿಕೊಳ್ಳಿ. "ಬಾಕಿ ಬಿಲ್ಲುಗಳು ಅಂದಿರಲ್ಲ, ಅದರಲ್ಲಿ ನಾನು ನೋಡಿದ್ದು ಇಷ್ಟು." ಜಾಣ ಉತ್ತರ ಹುಡುಕಬೇಡಿ. ನಿಮಗೆ ತೀರಾ ಮಾಮೂಲಿ ಅನ್ನಿಸಿದ್ದೇ ಪಕ್ಕದ ವಿಭಾಗದವರಿಗೆ ಹೊಸದಾಗಿರಬಹುದು.

ನಮ್ಮ ಆಫೀಸಿನಲ್ಲಿ ಇಂಪ್ರಾವ್ ತರಬೇತಿ ಕೊಡಿಸಿದರು. "ಹೌದು, ಅದರ ಜೊತೆಗೆ" ಅಂತಲೇ ಮಾತು ಶುರು ಮಾಡಬೇಕು, "ಇಲ್ಲ" ಅನ್ನಬಾರದು ಅಂದರು. ಅದಾದ ಮೇಲೆ ನನ್ನ ಬಾಸ್ ಹೊಸ ಕೆಲಸ ತಂದಾಗಲೆಲ್ಲ "ಹೌದು, ಅದರ ಜೊತೆಗೆ?" ಅಂತ ನಗುತ್ತಾ ನಿಲ್ಲುತ್ತಾರೆ. ಈಗ ನನ್ನ ತಲೆ ಮೇಲೆ ಮೂರು ಪ್ರಾಜೆಕ್ಟ್ ಇವೆ. ಇದು ಸರಿಯಾ?
– ಹೌದಪ್ಪ

ಸರಿಯಲ್ಲ. ನಿಮ್ಮ ಬಾಸ್ ಆಟದ ಅರ್ಧ ನಿಯಮ ಮಾತ್ರ ಕಲಿತಿದ್ದಾರೆ, ಅದೂ ತಮಗೆ ಬೇಕಾದ ಅರ್ಧ.

ವೇದಿಕೆಯ ಮೇಲೆ 'ಹೌದು' ಅಂದರೆ ಒಪ್ಪಿಗೆಯಲ್ಲ. ನೀವು ಹೇಳಿದ್ದು ನನಗೆ ಕೇಳಿಸಿತು, ಸದ್ಯಕ್ಕೆ ಇದೇ ನಮ್ಮ ಪರಿಸ್ಥಿತಿ ಅಂತ ಅರ್ಥ. ಆನೆಗೆ ಜ್ವರ ಅಂದರೆ ಜ್ವರ ಇದೆ ಅಂತ ಒಪ್ಪಬೇಕು, ನಿಜ. ಅದಕ್ಕೆ ನಾನೇ ರಾತ್ರಿಯಿಡೀ ತಣ್ಣೀರು ಪಟ್ಟಿ ಹಾಕಬೇಕು ಅಂತೇನಿಲ್ಲ. "ಜ್ವರ ಜೋರಾಗಿದೆ. ನಾನು ಇರುವೆ ಡಾಕ್ಟರ್. ಆನೆ ಡಾಕ್ಟರ್ ಪಕ್ಕದ ಕೋಣೆಯಲ್ಲಿದ್ದಾರೆ" ಅನ್ನಬಹುದು. ಕಥೆಯೂ ಮುಂದೆ ಹೋಗುತ್ತದೆ, ನೀವೂ ಬಚಾವ್.

ಬಾಸ್ ಮುಂದೆ ಹೀಗೆ ಹೇಳಿ ನೋಡಿ. "ಹೌದು ಸರ್, ಗುರುವಾರದೊಳಗೆ ಆಗಬೇಕು ಅನ್ನೋದು ಅರ್ಥ ಆಯ್ತು. ಅದರ ಜೊತೆಗೆ, ನನ್ನ ಕೈಯಲ್ಲಿ ಈ ಮೂರು ಕೆಲಸ ಇವೆ. ಗುರುವಾರ ಇದು ಬೇಕಂದ್ರೆ ಈ ಮೂರರಲ್ಲಿ ಯಾವುದನ್ನ ಮುಂದಕ್ಕೆ ಹಾಕಲಿ, ನೀವೇ ಹೇಳಿ." ನಿಯಮ ಪೂರ್ತಿ ಪಾಲಿಸಿದ್ದೀರಿ. ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳಿದ ಮೂರು ಕೆಲಸ ಹಗುರವಾಗಿ ಕಾಣುತ್ತವೆ.

ಹಾಗಂತ ಈ 'ಹೌದು' ಆಟವನ್ನೇ ಬಿಟ್ಟುಬಿಡಬೇಡಿ. ತಂಡದಲ್ಲಿ ಮೂರು ಸುತ್ತು ಆಡಿಸಿ. ವಿಷಯ ಏನಾದರೂ ಇರಲಿ, ತಂಡದ ಪ್ರವಾಸ ಅಂತಿಟ್ಟುಕೊಳ್ಳಿ. ಮೊದಲ ಸುತ್ತಿನಲ್ಲಿ ಯಾರು ಏನೇ ಹೇಳಲಿ, ಮುಂದಿನವರು "ಇಲ್ಲ, ಯಾಕಂದ್ರೆ" ಅನ್ನಬೇಕು. ಎರಡನೆಯದರಲ್ಲಿ "ಹೌದು, ಆದ್ರೆ". ಮೂರನೆಯದರಲ್ಲಿ "ಹೌದು, ಅದರ ಜೊತೆಗೆ". ಒಂದೊಂದು ಸುತ್ತಿಗೆ ಎರಡು ನಿಮಿಷ ಸಾಕು. ನಾನು ಆಡಿಸಿದಾಗೆಲ್ಲ ಜನ ಎರಡನೇ ಸುತ್ತಿನಲ್ಲೇ ಹೆಚ್ಚು ಸುಸ್ತಾಗುತ್ತಾರೆ. ನೇರವಾಗಿ 'ಇಲ್ಲ' ಅಂದರೆ ಗೋಡೆ ಎಲ್ಲಿದೆ ಅಂತ ಗೊತ್ತಾಗುತ್ತದೆ. 'ಹೌದು, ಆದ್ರೆ' ಅನ್ನುವುದು ಬಾಗಿಲು ತೆಗೆದ ಹಾಗೆ ಮಾಡಿ ಮೂಗಿಗೆ ತಾಗುವಂತೆ ಹಾಕುವುದು.

ನಮ್ಮ ಭಾಷೆಯಲ್ಲಿ ಇನ್ನೂ ಒಂದು ಚಾಲಾಕಿ ಇದೆ. "ಅದೇನೋ ಸರಿ." ಆ 'ಏನೋ' ಕಿವಿಗೆ ಬಿದ್ದ ಕೂಡಲೇ ಮುಂದೆ 'ಆದ್ರೆ' ಬರುತ್ತಿದೆ ಅಂತ ಎದುರಿನವರಿಗೆ ಗೊತ್ತಾಗಿಬಿಡುತ್ತದೆ. "ನೋಡೋಣ" ಅನ್ನುವುದು ಇನ್ನೂ ಮರ್ಯಾದಸ್ಥ 'ಇಲ್ಲ'. ಒಂದು ವಾರ ನೀವು ಇವೆರಡನ್ನೂ ಎಷ್ಟು ಸಲ ಹೇಳುತ್ತೀರಿ, ಸುಮ್ನೆ ಎಣಿಸಿ. ನಾನು ಎಣಿಸಿದ್ದೆ. ಬುಧವಾರಕ್ಕೇ ನಿಲ್ಲಿಸಿದೆ, ಅವಮಾನವಾಗಿ.

ಭಾಷಣ ಮಾಡುವಾಗ ಕೈ ಎಲ್ಲಿಟ್ಟುಕೊಳ್ಳಬೇಕು?
– ಎರಡು ಕೈ

ಭುಜದ ಕೆಳಗೆ, ಇದ್ದಲ್ಲೇ ಇರಲಿ. ಮೇಲಿನ ಕುರ್ಚಿ ಎಣಿಸುವ ಆಟ ಓದಿ. ಹೇಳುವ ವಿಷಯದ ಮೇಲೆ ಗಮನ ಹೋದ ದಿನ ಕೈ ತಾನಾಗೇ ಕೆಲಸ ಹುಡುಕಿಕೊಳ್ಳುತ್ತದೆ.

ಹೋದ ತಿಂಗಳು ಬಡ್ತಿ ಸಿಕ್ಕಿತು. ನಿನ್ನೆವರೆಗೆ ಹೆಗಲ ಮೇಲೆ ಕೈಹಾಕಿಕೊಂಡು ಓಡಾಡಿದವರಿಗೇ ಈಗ ನಾನು ಸೂಪರ್‌ವೈಸರ್. ಗಟ್ಟಿಯಾಗಿ ಹೇಳಿದರೆ "ಬದಲಾಗಿಬಿಟ್ಟ" ಅಂತಾರೆ. ಮೆತ್ತಗೆ ಹೇಳಿದರೆ ಕೆಲಸ ಆಗುವುದಿಲ್ಲ. ಇಂಪ್ರಾವ್‌ನಲ್ಲಿ ಇದಕ್ಕೇನಾದರೂ ಇದೆಯಾ?
– ನಡುವೆ ಸಿಕ್ಕಿಕೊಂಡವನು

ಇದೆ, ಬೇಕಾದಷ್ಟಿದೆ. ನನಗೆ ಅತಿ ಇಷ್ಟವಾದ ಭಾಗವೇ ಇದು.

ಕೀತ್ ಜಾನ್‌ಸ್ಟೋನ್ ಅಂತ ಒಬ್ಬರಿದ್ದರು. 2023ರಲ್ಲಿ ತೀರಿಕೊಂಡರು. 1960ರ ದಶಕದಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ನಟರಿಗೆ ಕಲಿಸುತ್ತಿದ್ದಾಗ ಅವರಿಗೊಂದು ತಲೆನೋವು. ದೊಡ್ಡ ದೊಡ್ಡ ದೃಶ್ಯ ಆಡುವ ನಟರು ಮಾಮೂಲಿ ಹರಟೆಯ ದೃಶ್ಯ ಕೊಟ್ಟರೆ ಮರದ ಬೊಂಬೆಗಳಾಗುತ್ತಿದ್ದರು. ಏನು ಮಾಡಿದರೂ ಜೀವ ಬರುತ್ತಿರಲಿಲ್ಲ. ಒಂದು ದಿನ ಅವರು, ನಿಮ್ಮ ಜೊತೆಗಾರನಿಗಿಂತ ಒಂದು ಚೂರು ಮೇಲೆ ಇರಿ, ಇಲ್ಲವೇ ಒಂದು ಚೂರು ಕೆಳಗೆ ಇರಿ, ಚೂರೇ ಚೂರು ಅಂದರು. ತಕ್ಷಣ ದೃಶ್ಯ ನಿಜವಾದ ಹಾಗೆ ಕಾಣತೊಡಗಿತು. ನಾವು ದಿನವಿಡೀ ಮಾಡುವುದು ಅದನ್ನೇ ಅಲ್ವಾ? "ಊಟ ಆಯ್ತಾ?" ಅನ್ನುವುದರಲ್ಲೂ ಒಬ್ಬರು ಅರ್ಧ ಮೆಟ್ಟಿಲು ಮೇಲೆ ನಿಂತಿರುತ್ತಾರೆ.

ಜಾನ್‌ಸ್ಟೋನ್ ಇದನ್ನು ಸ್ಟೇಟಸ್ ಅಂತ ಕರೆದರು. ಅವರ ಲೆಕ್ಕದಲ್ಲಿ ಸ್ಟೇಟಸ್ ಅಂದರೆ ನೀವು ಕೂತ ಕುರ್ಚಿಯಲ್ಲ, ನೀವು ಮಾಡುವ ಕೆಲಸ. ತಲೆ ಅಲ್ಲಾಡಿಸದೆ ಮಾತಾಡಿದರೆ ಮೇಲೇರುತ್ತೀರಿ. ಮಾತಾಡುತ್ತಾ ಮುಖ ಮುಟ್ಟಿಕೊಂಡರೆ ಕೆಳಗಿಳಿಯುತ್ತೀರಿ. ಮಾತಿಗೆ ಮುಂಚೆ ಚಿಕ್ಕದಾಗಿ 'ಅ' ಅಂದರೆ ಇಳಿಯುತ್ತೀರಿ. ಅದನ್ನೇ ಉದ್ದಕ್ಕೆ 'ಅ...' ಅಂತ ಎಳೆದರೆ ಏರುತ್ತೀರಿ, ಯಾಕೆಂದರೆ ನಾನು ಮುಗಿಸುವವರೆಗೆ ಯಾರೂ ಬಾಯಿ ಹಾಕಬೇಡಿ ಅಂತ ಅದರ ಅರ್ಥ. ಇದನ್ನು ಓದಿದ ಮೇಲೆ ಒಂದು ವಾರ ನೀವು ಯಾರ ಮಾತನ್ನೂ ನೆಟ್ಟಗೆ ಕೇಳುವುದಿಲ್ಲ, ಅವರ ತಲೆಯನ್ನೇ ನೋಡುತ್ತಿರುತ್ತೀರಿ. ಪರವಾಗಿಲ್ಲ, ಆಮೇಲೆ ಸರಿಹೋಗುತ್ತದೆ.

ಇಸ್ಪೀಟ್ ಎಲೆಯ ಆಟ ಆಡಿಸಿದರೆ ಬೇಗ ಅರ್ಥವಾಗುತ್ತದೆ. ಪ್ರತಿಯೊಬ್ಬರೂ ಒಂದು ಎಲೆಯನ್ನು ತಾನು ನೋಡದೆ ಹಣೆಗೆ ಹಿಡಿದುಕೊಳ್ಳಬೇಕು. ಬೇರೆಯವರ ಹಣೆಯ ಎಲೆಗೆ ತಕ್ಕ ಹಾಗೆ ಅವರ ಜೊತೆ ನಡೆದುಕೊಳ್ಳಬೇಕು, ರಾಜ ಆದರೆ ರಾಜನಿಗೆ ಕೊಡುವ ಮರ್ಯಾದೆ, ಎರಡು ಆದರೆ ಎರಡಕ್ಕೆ ಸಿಗುವಷ್ಟು. ಐದು ನಿಮಿಷದ ನಂತರ ನಿಮ್ಮ ಎಲೆ ಯಾವುದಿರಬಹುದು ಅಂತ ಕೇಳಿದರೆ, ಎರಡು ಹಿಡಿದವರು ಹೆಚ್ಚುಕಮ್ಮಿ ಸರಿಯಾಗಿಯೇ ಹೇಳುತ್ತಾರೆ. ಒಂದು ಸಲ ನನಗೆ ಮೂರು ಬಂದಿತ್ತು. ಯಾರೂ ಬೈಯಲಿಲ್ಲ. ನಾನು ಮಾತಾಡುವಾಗ ನನ್ನ ಭುಜದ ಹಿಂದೆ ಇರುವವರನ್ನು ನೋಡುತ್ತಿದ್ದರು, ಅಷ್ಟೇ. ಆಟ ಅಂತ ಗೊತ್ತಿದ್ದೂ ಹೊಟ್ಟೆಯೊಳಗೆ ಏನೋ ಆಯಿತು.

ನಿಮ್ಮ ವಿಷಯಕ್ಕೆ ಬರೋಣ. ನೀವು ಗಟ್ಟಿ ಅಥವಾ ಮೆತ್ತಗೆ, ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು ಅಂದುಕೊಂಡಿದ್ದೀರಿ. ಬೇಡ, ಎರಡೂ ಇಟ್ಟುಕೊಳ್ಳಿ. ತಪ್ಪು ಎಲ್ಲಾಯಿತು ಅಂತ ತಿಳಿಯಬೇಕಾದಾಗ ಕೆಳಗಿಳಿಯಿರಿ. ಅವರ ಸೀಟಿಗೆ ಹೋಗಿ, ಪಕ್ಕ ಕೂತುಕೊಳ್ಳಿ, "ನನಗೆ ಇದು ಅರ್ಥ ಆಗ್ತಿಲ್ಲ ಕಣೋ, ಸ್ವಲ್ಪ ತೋರಿಸು" ಅನ್ನಿ. ಮೇಲೆ ನಿಂತವನಿಗೆ ಯಾರೂ ಕೆಟ್ಟ ಸುದ್ದಿ ಹೇಳುವುದಿಲ್ಲ. ತೀರ್ಮಾನ ಹೇಳುವಾಗ ಮಾತ್ರ ನಿಂತುಕೊಳ್ಳಿ. ತಲೆ ಅಲ್ಲಾಡಬಾರದು, ವಾಕ್ಯ ಚಿಕ್ಕದಿರಬೇಕು, ಕೊನೆಗೆ ಹಲ್ಲು ಕಿರಿಯಬಾರದು. "ನಾಳೆಯಿಂದ ಪಾಳಿ ಹೀಗೆ." ಮುಗಿಯಿತು. ಆ ಹಲ್ಲು ಕಿರಿಯುವುದೇ ನಿಮ್ಮ ತೊಂದರೆ ಅಂತ ನನ್ನ ಅನುಮಾನ. ಪತ್ರದಲ್ಲೂ ಮೂರು ಕಡೆ ನಗುವ ಮುಖ ಹಾಕಿದ್ದೀರಿ.

ನಮ್ಮಲ್ಲಿ ತರಬೇತಿಗೆ ಬಂದವರೊಬ್ಬರು ಎಲ್ಲರ ಎದುರು ಕೋಳಿಯ ಹಾಗೆ ಕೂಗಿಸಿದರು. ಮ್ಯಾನೇಜರ್ ಮೂಲೆಯಲ್ಲಿ ಕೂತು ವಿಡಿಯೋ ಮಾಡಿದರು. ಮೆದುಳಿಗೆ ಒಳ್ಳೆಯದು, ವಿಜ್ಞಾನವೇ ಹೇಳಿದೆ ಅಂದರು. ನನಗಂತೂ ಮನೆಗೆ ಹೋಗಿ ಅಳು ಬಂತು.
– ಕೋಳಿಯಲ್ಲ

ಅಳು ಬಂದದ್ದರಲ್ಲಿ ತಪ್ಪೇನೂ ಇಲ್ಲ. ನನಗಾಗಿದ್ದರೆ ಸಿಟ್ಟು ಬರುತ್ತಿತ್ತು.

ಇದು ಇಂಪ್ರಾವ್ ಅಲ್ಲ. ಆಟ ಅಂದ ಮೇಲೆ ಎಲ್ಲರೂ ಆಡಬೇಕು, ಮ್ಯಾನೇಜರ್ ಮೊದಲು ಆಡಬೇಕು. ನನ್ನ ಕ್ಲಾಸಿನಲ್ಲಿ ನೋಡುವುದಕ್ಕೆ ಅಂತ ಯಾರಿಗೂ ಕುರ್ಚಿ ಇಲ್ಲ. ಮೊಬೈಲು ಬ್ಯಾಗಿನಲ್ಲಿರಬೇಕು. ಬೇಡ ಅನ್ನಿಸಿದವರು ಕಾರಣ ಹೇಳದೆ ಒಂದು ಸುತ್ತು ಬಿಡಬಹುದು. ಮೊದಲ ದಿನವೇ ಒಬ್ಬರನ್ನೇ ಮುಂದೆ ನಿಲ್ಲಿಸುವುದಿಲ್ಲ. ಜೋಡಿಯಲ್ಲಿ ಶುರು, ಎಲ್ಲ ಜೋಡಿಗಳೂ ಒಟ್ಟಿಗೆ ಆಡಿದರೆ ಯಾರನ್ನೂ ಯಾರೂ ನೋಡುತ್ತಿರುವುದಿಲ್ಲ. ಮುಂದಿನ ಸಲ ಕರೆದರೆ "ನಾನು ಈ ಸುತ್ತು ಕೂತಿರ್ತೀನಿ" ಅಂತ ಹೇಳಿ ಕೂತುಬಿಡಿ. ಆ ವಿಡಿಯೋ ಅಳಿಸಲು ಕೇಳುವ ಹಕ್ಕೂ ನಿಮಗಿದೆ, ಕೇಳಿ.

ಇನ್ನು ಆ ಮೆದುಳಿನ ವಿಜ್ಞಾನ. 2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರೌನ್ ಎಂಬ ಸಂಶೋಧಕರು ಆರು ಜನ ಜಾಝ್ ಪಿಯಾನೋ ವಾದಕರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ನುಡಿಸಲು ಹೇಳಿದರು. ಮನಸ್ಸಿಗೆ ಬಂದಂತೆ ನುಡಿಸುವಾಗ, ತಮ್ಮ ಮೇಲೆ ತಾವೇ ಕಣ್ಣಿಡುವುದಕ್ಕೆ ಸಂಬಂಧಪಟ್ಟ ಮೆದುಳಿನ ಭಾಗ ತಣ್ಣಗಾಗಿತ್ತು. ಸೊಗಸಾದ ಕೆಲಸ. ಆದರೆ ಅವರು ನುರಿತ ವಾದಕರು, ಅದೂ ಆರೇ ಜನ. ಅಲ್ಲಿಂದ ನಿಮ್ಮನ್ನು ಕೋಳಿ ಮಾಡುವವರೆಗೆ ದಾರಿ ಬಹಳ ದೂರ ಇದೆ.

ಮುಂದಿನ ತಿಂಗಳು ದೊಡ್ಡ ಸಭೆಯಲ್ಲಿ ಇಪ್ಪತ್ತು ನಿಮಿಷ ಮಾತಾಡಬೇಕು. ಪೂರ್ತಿ ಬಾಯಿಪಾಠ ಮಾಡಲಾ, ಇಂಪ್ರಾವ್ ಅಂತ ಸುಮ್ನೆ ಹೋಗಿ ನಿಲ್ಲಲಾ?
– ಇಪ್ಪತ್ತು ನಿಮಿಷ

ಎರಡೂ ಬೇಡ. ಬಾಯಿಪಾಠದ ಕಥೆ ನನ್ನನ್ನು ಕೇಳಿ. ವರ್ಷದ ಕೊನೆಯ ಸಭೆ. ಹದಿನಾಲ್ಕು ಪುಟ ಉರುಹೊಡೆದು ಹೋಗಿದ್ದೆ. ಮೂರನೇ ವಾಕ್ಯದಲ್ಲಿ ಯಾರೋ ಕುರ್ಚಿ ಎಳೆದರು. ನಾಲ್ಕನೆಯದು ಮಾಯ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಮತ್ತೆ ಮೂರಕ್ಕೇ ನಿಂತಿತು. ಮೂರನೇ ಸಲ "ಎಲ್ಲರಿಗೂ ನಮಸ್ಕಾರ" ಅಂದಾಗ ಮುಂದಿನ ಸಾಲಿನಲ್ಲಿ ಒಬ್ಬರು "ನಮಸ್ಕಾರ" ಅಂತ ತಿರುಗಿ ಹೇಳಿದರು. ಆಗ ನಕ್ಕು ಅವರ ಜೊತೆ ಮಾತಿಗಿಳಿದಿದ್ದರೆ ಬದುಕಿಕೊಳ್ಳುತ್ತಿದ್ದೆ. ನನಗೆ ಹೊಳೆಯಲಿಲ್ಲ. ಕಾಗದ ತೆಗೆದು ಓದಿದೆ, ತಲೆಯೆತ್ತದೆ, ಹದಿನಾಲ್ಕೂ ಪುಟ.

ನಟ ಅಲನ್ ಆಲ್ಡಾ ಇದನ್ನು ವಿಜ್ಞಾನಿಗಳಲ್ಲಿ ಗಮನಿಸಿದ್ದರು. 1993ರಿಂದ 2005ರವರೆಗೆ ಅವರು ಟಿವಿಯಲ್ಲಿ ವಿಜ್ಞಾನದ ಕಾರ್ಯಕ್ರಮವೊಂದನ್ನು ನಡೆಸಿಕೊಟ್ಟರು. ಅವರ ಜೊತೆ ಹರಟುವಾಗ ಚೆನ್ನಾಗಿ ಮಾತಾಡುವ ವಿಜ್ಞಾನಿ ಕ್ಯಾಮೆರಾ ಕಡೆ ತಿರುಗಿದರೆ ಪಾಠ ಒಪ್ಪಿಸಲು ಶುರು ಮಾಡುತ್ತಿದ್ದರಂತೆ. ಆಲ್ಡಾ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೆಲವು ಗಂಟೆ ಇಂಪ್ರಾವ್ ಆಡಿಸಿದರು. ಆಡುವ ಮುಂಚೆ ಒಂದು ಸಲ, ಆಡಿದ ಮೇಲೆ ಒಂದು ಸಲ ಅವರಿಂದ ಮಾತಾಡಿಸಿ ನೋಡಿದರು. ವ್ಯತ್ಯಾಸ ಕಾಣಿಸಿತು. 2009ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಇದಕ್ಕಾಗಿಯೇ ಒಂದು ಕೇಂದ್ರ ಶುರುವಾಯಿತು.

ನೀವು ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಬಾಯಿಪಾಠ ಮಾಡಿ. ನಡುವೆ ನಾಲ್ಕೈದು ನಿಲ್ದಾಣ ಗುರುತು ಮಾಡಿಕೊಳ್ಳಿ, ಒಂದೊಂದಕ್ಕೂ ಒಂದು ಘಟನೆ ಅಥವಾ ಒಂದು ಅಂಕಿ. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಯಾವ ಮಾತಿನಲ್ಲಿ ಹೋಗುತ್ತೀರೋ ಹೋಗಿ, ಪ್ರತಿದಿನ ಬೇರೆ ಬೇರೆ ಮಾತಿನಲ್ಲಿ ಹೋಗಿ ಅಭ್ಯಾಸ ಮಾಡಿ. ಒಂದು ಸಲ ಪೂರ್ತಿ ಭಾಷಣವನ್ನು ಅರ್ಥವಿಲ್ಲದ ಭಾಷೆಯಲ್ಲಿ, 'ಗಬಳ ಬಿಳಗ' ಅಂತ, ಗೆಳೆಯರ ಮುಂದೆ ಮಾಡಿ. ಇದೂ ಸ್ಪೋಲಿನ್ ಅವರ ಆಟವೇ. ಪದ ಇಲ್ಲದಿದ್ದಾಗ ಎದುರಿನವರ ಮುಖ ನೋಡದೆ ಬೇರೆ ದಾರಿಯಿಲ್ಲ. ದನಿ ಏರಿಳಿಯುತ್ತದೆ, ಕೈ ಏಳುತ್ತದೆ. ಆಮೇಲೆ ಕನ್ನಡದಲ್ಲಿ ಮಾಡಿದಾಗ ಅದರಲ್ಲಿ ಅರ್ಧ ಉಳಿದರೂ ಸಾಕು.

ಆನ್‌ಲೈನ್ ಮೀಟಿಂಗ್‌ನಲ್ಲಿ ಇದೆಲ್ಲ ಆಗುತ್ತಾ?
– ಮ್ಯೂಟ್

ಕಷ್ಟ. ದನಿ ತಡವಾಗಿ ಬರುತ್ತದೆ, ಇಬ್ಬರೂ ಒಟ್ಟಿಗೆ ಶುರು ಮಾಡಿ ಇಬ್ಬರೂ ನಿಲ್ಲಿಸುತ್ತಾರೆ. ಮಾತು ಮುಗಿಸುವಾಗ ಮುಂದಿನವರ ಹೆಸರು ಹೇಳಿ ದಾಟಿಸಿ, ಚೆಂಡು ಎಸೆದ ಹಾಗೆ. ನಿಮ್ಮ ಮುಖ ನಿಮಗೇ ಕಾಣುವ ಕಿಟಕಿಯನ್ನು ಮುಚ್ಚಿಬಿಡಿ.

ನನಗೆ ಹತ್ತಿರದಲ್ಲಿ ಕ್ಲಾಸ್ ಇಲ್ಲ, ಜೊತೆಗೆ ಆಡುವವರೂ ಇಲ್ಲ. ಒಬ್ಬನೇ ಅಭ್ಯಾಸ ಮಾಡಬಹುದಾ?
– ಒಂಟಿ

ಮಾಡಬಹುದು. ಜಾನ್‌ಸ್ಟೋನ್ ಆಡಿಸುತ್ತಿದ್ದ ಒಂದು ಆಟ ಹೇಳುತ್ತೇನೆ. ಕೋಣೆಯಲ್ಲಿ ಓಡಾಡುತ್ತಾ ಒಂದೊಂದು ವಸ್ತುವಿಗೆ ಬೆರಳು ತೋರಿಸಿ, ಅದಕ್ಕೆ ಗಟ್ಟಿಯಾಗಿ ತಪ್ಪು ಹೆಸರು ಹೇಳಬೇಕು. ಮೇಜು ನೋಡಿ 'ಮೋಡ', ಬಾಗಿಲು ನೋಡಿ 'ಚಪ್ಪಲಿ'. ಒಳ್ಳೆಯ ತಪ್ಪು, ಕೆಟ್ಟ ತಪ್ಪು ಅಂತ ಆರಿಸಬಾರದು, ಬಾಯಿಗೆ ಬಂದದ್ದು ಬರಲಿ. ಮೊದಲ ಹತ್ತು ವಸ್ತು ಸುಲಭ. ಆಮೇಲೆ ಬಾಯಿ ಕಟ್ಟುತ್ತದೆ. ನಿಲ್ಲದೆ ಇನ್ನೊಂದು ನಿಮಿಷ ಹೇಳಿ. ದಿನಕ್ಕೆ ಎರಡು ನಿಮಿಷ ಸಾಕು.

ಬಾಗಿಲು ಹಾಕಿಕೊಂಡು ಮಾಡಿ. ಮೊನ್ನೆ ನಾನು ಮರೆತಿದ್ದೆ. ತಿರುಗುತ್ತಿದ್ದ ಫ್ಯಾನಿಗೆ ಬೆರಳು ತೋರಿಸಿ ಜೋರಾಗಿ "ಜಿರಾಫೆ!" ಅಂದೆ. ಹಿಂದೆ ನೋಡಿದರೆ ಮಗಳು ನಿಂತಿದ್ದಾಳೆ. ಸ್ವಲ್ಪ ಹೊತ್ತು ನನ್ನನ್ನು ನೋಡಿದಳು, ಆಮೇಲೆ ಫ್ಯಾನ್ ನೋಡಿದಳು.

"ಪಾಪ ಅಪ್ಪಾ, ಅದಕ್ಕೆ ತಲೆ ಸುತ್ತುತ್ತಿದೆ. ಆಫ್ ಮಾಡು."

ಆಫ್ ಮಾಡಿದೆ.